ಹೂಮಳೆ ಮತ್ತು ಲ್ಯೂಪ್ರೊಲೈಡ್: ಬೇಗ ಮೈನೆರೆಯುವ ಮಕ್ಕಳ ಪಾಠ, ನನ್ನ ನೋಟ್ಸ್

ಮಕ್ಕಳ ನರ್ಸಿಂಗ್ ಪೇಪರಿಗೆ ಓದುತ್ತಾ ಈ ಪಾಠದಲ್ಲಿ ಮೂರು ದಿನ ಸಿಕ್ಕಿಬಿದ್ದಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮೊದಲು ಬರೆದಿಡುತ್ತೇನೆ.

ವಯಸ್ಸಿನ ಗೆರೆ ಸುಲಭ. ಹುಡುಗಿಯರಲ್ಲಿ 8 ತುಂಬುವ ಮೊದಲು, ಹುಡುಗರಲ್ಲಿ 9 ತುಂಬುವ ಮೊದಲು ಶುರುವಾದರೆ ಪ್ರಿಕೋಷಿಯಸ್ ಪ್ಯೂಬರ್ಟಿ. ಆದರೆ ನಮ್ಮ ಮನೆಗಳಲ್ಲಿ 'ದೊಡ್ಡವಳಾದಳು' ಅಂದರೆ ಮುಟ್ಟಾದಳು ಅಂತ ಅಲ್ವಾ? ಪಾಠದ ಲೆಕ್ಕ ಅಲ್ಲಿಂದಲ್ಲ, ಎದೆ ಮೂಡುವಲ್ಲಿಂದ. ಮುಟ್ಟು ಬರುವುದು ಸಾಮಾನ್ಯವಾಗಿ ಅದಾದ ಎರಡು, ಎರಡೂವರೆ ವರ್ಷಕ್ಕೆ. ಒಂಬತ್ತೂವರೆಗೆ ಮುಟ್ಟಾದ ಮಗು ಬಂದರೆ 'ಎಂಟು ದಾಟಿದೆಯಲ್ಲ' ಅಂತ ಬಿಡಬೇಡಿ. ಎದೆ ಯಾವಾಗ ಶುರುವಾಯಿತು ಅಂತ ತಾಯಿಯನ್ನು ಕೇಳಿ.

ವಿಧ ಎರಡು. ಮೆದುಳಿನ ಹೈಪೊಥಲಾಮಸ್, ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ, ಅಂಡಾಶಯ ಅಥವಾ ವೃಷಣ, ಈ ದಾರಿಯೇ ಬೇಗ ತೆರೆದರೆ ಸೆಂಟ್ರಲ್. ಮೇಲಿನ ಅಪ್ಪಣೆ ಇಲ್ಲದೆ ಕೆಳಗೇ ಹಾರ್ಮೋನು ಹುಟ್ಟಿದರೆ ಪೆರಿಫೆರಲ್. ಹುಡುಗರಲ್ಲಿ ಇದನ್ನು ಹಿಡಿಯಲು ನನಗಿಷ್ಟವಾದ ಒಂದು ಉಪಾಯವಿದೆ. ಪ್ರೇಡರ್ ಆರ್ಕಿಡೊಮೀಟರ್ ಅಂದರೆ ವೃಷಣದ ಗಾತ್ರ ಹೋಲಿಸಿ ನೋಡಲು ದಾರಕ್ಕೆ ಪೋಣಿಸಿದ 12 ಮಣಿ, 1 ಎಂಎಲ್‌ನಿಂದ 25ರವರೆಗೆ. ಕ್ಲಾಸಿನಲ್ಲಿ ಮೇಡಂ ತೆಗೆದು ತೋರಿಸಿದಾಗ ಯಾರದೋ ಸರ ಅಂದುಕೊಂಡಿದ್ದೆ. ವೃಷಣ 4 ಎಂಎಲ್ ಮಣಿಯಷ್ಟು ಆಯಿತೆಂದರೆ ಮೈನೆರೆಯುವುದು ಶುರುವಾಗಿದೆ. ಎರಡೂ ವೃಷಣ ದೊಡ್ಡದಾಗಿದ್ದರೆ ಸೆಂಟ್ರಲ್ ಕಡೆ ಯೋಚಿಸಿ. ಕೂದಲು ಬಂದಿದೆ, ವೃಷಣ ಮಾತ್ರ ಚಿಕ್ಕದೇ ಇದೆ ಅಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಕಡೆ. ಒಂದು ಮಾತ್ರ ದೊಡ್ಡದಾದರೆ ಗಡ್ಡೆ ಇದೆಯಾ ನೋಡಬೇಕು.

ಈಗ ನಾನು ಎಡವಿದ ಜಾಗ. ಸೆಂಟ್ರಲ್‌ಗೆ ಕೊಡುವ ಇಂಜೆಕ್ಷನ್ ಲ್ಯೂಪ್ರೊಲೈಡ್. ಅದು ಏನು? ಹೈಪೊಥಲಾಮಸ್ ಪಿಟ್ಯುಟರಿಗೆ ಕಳಿಸುವ ಅಪ್ಪಣೆಯ ಹಾರ್ಮೋನು ಜಿಎನ್‌ಆರ್‌ಎಚ್, ಅದರ ತರಹವೇ ಕೆಲಸ ಮಾಡುವ ವಸ್ತು. ಮೈನೆರೆಯುವುದನ್ನು ಶುರುಮಾಡುವ ಹಾರ್ಮೋನನ್ನೇ ಕೊಟ್ಟು ಅದನ್ನು ನಿಲ್ಲಿಸುವುದು ಹೇಗೆ? ಪುಸ್ತಕದಲ್ಲಿ ಅಚ್ಚು ತಪ್ಪಿದೆ ಅಂತಲೇ ಒಂದು ದಿನ ನಂಬಿದ್ದೆ.

ಉತ್ತರ ಇರುವುದು ಬಿಡುವಿನಲ್ಲಿ. ಹೈಪೊಥಲಾಮಸ್ ಜಿಎನ್‌ಆರ್‌ಎಚ್ ಅನ್ನು ಒಂದೇ ಸಮ ಸುರಿಸುವುದಿಲ್ಲ, ಬಿಟ್ಟು ಬಿಟ್ಟು ಚಿಮ್ಮಿಸುತ್ತದೆ. 1978ರಲ್ಲಿ ಅರ್ನ್ಸ್ಟ್ ಕ್ನೋಬಿಲ್ ತಂಡ ಇದನ್ನು ಕೋತಿಗಳಲ್ಲಿ ತೋರಿಸಿತು. ತಮ್ಮದೇ ಜಿಎನ್‌ಆರ್‌ಎಚ್ ಇಲ್ಲದಂತೆ ಮಾಡಿದ ಕೋತಿಗಳಿಗೆ ಗಂಟೆಗೊಮ್ಮೆ 6 ನಿಮಿಷ ಕೊಟ್ಟರು. ಪಿಟ್ಯುಟರಿಯಿಂದ ಎಲ್‌ಎಚ್, ಎಫ್‌ಎಸ್‌ಎಚ್ (ಅಂಡಾಶಯ, ವೃಷಣಕ್ಕೆ ಅಪ್ಪಣೆ ಕೊಡುವ ಹಾರ್ಮೋನುಗಳು) ಬಂತು. ನಿಲ್ಲಿಸದೆ ಕೊಟ್ಟರು, ಎರಡೂ ಬಿದ್ದವು. ಮತ್ತೆ ಗಂಟೆಗೊಮ್ಮೆ ಕೊಟ್ಟರು, ಮತ್ತೆ ಬಂದವು.

ನನಗೆ ಇದು ತಲೆಗೆ ಹೋದದ್ದು ನಮ್ಮ ತೋಟದಿಂದ. ಕಾಫಿ ಮೊಗ್ಗು ಒಣಹವೆಯಲ್ಲಿ ಸುಮ್ನೆ ಕಾಯುತ್ತಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಹೂಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಆದರೆ ಆ ಒಣ ಬಿಡುವೇ ಸಿಗದೆ ಮಳೆ ಹಿಡಿದುಕೊಂಡರೆ ಹೂವು ಹಾಗೆ ಒಟ್ಟಿಗೆ ಬಿಡುವುದಿಲ್ಲ. ನೀರು ಅದೇ, ಬಿಡುವು ಇಲ್ಲ, ಅಷ್ಟೇ. ಲ್ಯೂಪ್ರೊಲೈಡ್ ಬಿಡದೆ ಹಿಡಿದ ಮಳೆ. ಪಿಟ್ಯುಟರಿ ತನ್ನ ರಿಸೆಪ್ಟರ್‌ಗಳನ್ನು, ಅಂದರೆ ಹಾರ್ಮೋನಿನ ಕರೆ ಕೇಳುವ ಕಿವಿಗಳನ್ನು, ಒಳಗೆಳೆದುಕೊಂಡು ಕಿವುಡಾಗುತ್ತದೆ. (ಗಿಡದೊಳಗೆ ನಡೆಯುವುದು ಬೇರೆಯೇ. ಪರೀಕ್ಷೆಯಲ್ಲಿ ಕಾಫಿ ಬರೆಯಬೇಡಿ.)

ಕಿವುಡಾಗುವ ಮೊದಲು ಅದು ಒಮ್ಮೆ ಜೋರಾಗಿ ಓಗೊಡುತ್ತದೆ, ಇದನ್ನು ಮರೆಯಬೇಡಿ. ಮೊದಲ ಒಂದೆರಡು ವಾರ ಹಾರ್ಮೋನು ಏರಿ ಕೆಲವು ಹುಡುಗಿಯರಿಗೆ ಸ್ವಲ್ಪ ರಕ್ತ ಕಾಣಿಸಬಹುದು. 'ಇಂಜೆಕ್ಷನ್ ಕೊಟ್ಟ ಮೇಲೆ ಜಾಸ್ತಿ ಆಯ್ತು ಸಿಸ್ಟರ್' ಅಂತ ತಾಯಿ ಹೆದರುತ್ತಾಳೆ. ಮೊದಲೇ ಹೇಳಿಡುವುದು ನಮ್ಮ ಕೆಲಸ.

ಯಾಕೆ ತಡೆಯಬೇಕು ಅಂದರೆ ಎತ್ತರ. ಈ ಮಕ್ಕಳು ಈಗ ಕ್ಲಾಸಿನಲ್ಲೇ ಉದ್ದ, ಆದರೆ ಈಸ್ಟ್ರೋಜನ್ ಮೂಳೆಯ ತುದಿಯನ್ನು ಬೇಗ ಮುಚ್ಚುವುದರಿಂದ ಕೊನೆಗೆ ಗಿಡ್ಡ ಉಳಿಯಬಹುದು. ಎಡಗೈ ಎಕ್ಸ್‌ರೇ ತೆಗೆಯುವುದು ಮೂಳೆಯ ವಯಸ್ಸು ನೋಡಲು.

ಕಾರಣಗಳು. ಸೆಂಟ್ರಲ್ ಆದ ಹುಡುಗಿಯರಲ್ಲಿ ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ಹುಡುಗರಲ್ಲಿ ಸಿಗುವುದು ಜಾಸ್ತಿ, ಅದಕ್ಕೇ ಮೆದುಳಿನ ಎಂಆರ್‌ಐ ತಪ್ಪಿಸುವುದಿಲ್ಲ. ಎಂಕೆಆರ್‌ಎನ್3 ಅನ್ನುವ ಜೀನ್ ಕೆಟ್ಟರೂ ಸೆಂಟ್ರಲ್ ಆಗಬಹುದು ಅನ್ನುವುದು 2013ರಲ್ಲಿ ಬೆಳಕಿಗೆ ಬಂತು. ಅದರಲ್ಲಿ ಕೆಲಸ ಮಾಡುವುದು ತಂದೆಯಿಂದ ಬಂದ ಪ್ರತಿ ಮಾತ್ರ. ಹಾಗಾಗಿ 'ಅಮ್ಮನಿಗೆ ಯಾವಾಗ ಆಗಿತ್ತು' ಅಂತ ಮಾತ್ರ ಕೇಳಿ ನಿಲ್ಲಿಸಬೇಡಿ, ಅಪ್ಪನ ಕಡೆಯೂ ಕೇಳಿ. ಹುಡುಗಿಯರಲ್ಲಿ ಮೈತೂಕ ಹೆಚ್ಚಿದ್ದರೂ ಬೇಗ ಶುರುವಾಗುವ ಸಾಧ್ಯತೆ ಹೆಚ್ಚು.

ಗೋಣಿಕೊಪ್ಪದ ನಮ್ಮ ಚಿಕ್ಕಮ್ಮನ ತೀರ್ಪು ಬೇರೆ: "ಎಲ್ಲ ಆ ಫಾರಂ ಕೋಳಿ ಕೆಲಸ. ಹಾರ್ಮೋನ್ ಚುಚ್ಚಿರ್ತಾರೆ, ನೋಡು." ಬ್ರಾಯ್ಲರ್ ಬೇಗ ಬೆಳೆಯುವುದು ತಳಿ ಮತ್ತು ತಿಂಡಿಯಿಂದ. ಬೆಳವಣಿಗೆ ಹಾರ್ಮೋನು ಪ್ರೋಟೀನು, ತಿಂದರೂ ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಹೇಳಿ ನೋಡಿದೆ, ಒಪ್ಪಲಿಲ್ಲ.

ತೋಟಕ್ಕೆ ಹೊಡೆಯುವ ಮದ್ದನ್ನು ನಾನೇ ಪಟ್ಟಿಗೆ ಸೇರಿಸಿದ್ದೆ. ಆಮೇಲೆ ಓದಿದರೆ, ಕಾಸರಗೋಡಿನ ಗೇರುತೋಟಗಳ ಹತ್ತಿರ ಎಂಡೋಸಲ್ಫಾನ್ ತಾಗಿದ ಹುಡುಗರ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಉಲ್ಟಾ. ಅವರಲ್ಲಿ ಪ್ರೌಢತೆ ತಡವಾಗಿತ್ತು. ಮದ್ದು ಅಂದ ಕೂಡಲೇ 'ಬೇಗ' ಅಂತ ಬರೆಯುವ ಹಾಗಿಲ್ಲ. ಆ ಸಾಲು ಹೊಡೆದುಹಾಕಿದ್ದೇನೆ.