ಅಗೆಯಬೇಡಿ, ಮೀನು ಮಲಗಿದೆ

ನನ್ನ ಮೊದಲ ಲೆಪರ್ಡ್ ರ‍್ಯಾಸ್ ಮೀನನ್ನು ಕೊಂದದ್ದು ನಾನೇ. ಮನೆಯ ಗಾಜಿನ ತೊಟ್ಟಿಗೆ ಬಿಟ್ಟ ಕ್ಷಣವೇ ಅದು ತಲೆ ಕೆಳಗೆ ಮಾಡಿ ಮರಳಿನೊಳಗೆ ನುಗ್ಗಿ ಮಾಯವಾಯಿತು. ಒಂದು ದಿನ ಕಾದೆ, ಎರಡು ದಿನ ಕಾದೆ. ನಾಲ್ಕನೆಯ ದಿನ, ಸತ್ತು ಕೊಳೆತರೆ ನೀರೆಲ್ಲ ಕೆಡುತ್ತದಲ್ಲ ಎಂಬ ಹೆದರಿಕೆಗೆ ಪ್ಲಾಸ್ಟಿಕ್ ಚಮಚ ಹಿಡಿದು ಮರಳು ಕೆದಕಿದೆ. ಮೀನು ಬದುಕಿತ್ತು. ಚಂಗನೆ ಎದ್ದು ಗಾಜಿಗೆ ಮೂತಿ ಬಡಿದುಕೊಂಡು, ಕಲ್ಲಿಗೆ ಮೈ ಉಜ್ಜಿಕೊಂಡು ಮತ್ತೆ ಮರಳಿಗಿಳಿಯಿತು. ಆಮೇಲೆ ಮೇಲೆ ಬರಲೇ ಇಲ್ಲ.

ರ‍್ಯಾಸ್ ಮೀನುಗಳದ್ದು ದೊಡ್ಡ ಸಂಸಾರ. 500ಕ್ಕೂ ಹೆಚ್ಚು ಪ್ರಭೇದಗಳಿವೆ. ಬೆರಳುದ್ದದವು ಇವೆ, ಎರಡು ಮೀಟರ್ ಮುಟ್ಟುವ ನೆಪೋಲಿಯನ್ ರ‍್ಯಾಸ್ ಕೂಡ ಇದೆ. ಪಟ್ಟಿಗೆ ಇನ್ನೂ ಹೊಸ ಹೆಸರುಗಳು ಸೇರುತ್ತಲೇ ಇವೆ. 2022ರಲ್ಲಿ ಮಾಲ್ಡೀವ್ಸ್‌ನ ಆಳದ ಹವಳಗಳಿಂದ ಬಂದ ಗುಲಾಬಿ ಬಣ್ಣದ ಫೇರಿ ರ‍್ಯಾಸ್‌ಗೆ ಅಲ್ಲಿನ ದಿವೇಹಿ ಭಾಷೆಯಲ್ಲಿ ಗುಲಾಬಿ ಎಂದೇ ಅರ್ಥ ಬರುವ ‘ಫಿನಿಫೆನ್ಮಾ’ ಎಂಬ ಹೆಸರಿಟ್ಟರು. ಅದನ್ನು ವಿವರಿಸಿದ ತಂಡದಲ್ಲಿ ಮಾಲ್ಡೀವ್ಸ್‌ನವರೇ ಆದ ಅಹ್ಮದ್ ನಜೀಬ್ ಇದ್ದರು.

ಮನೆಯಲ್ಲಿ ಹವಳದ ತೊಟ್ಟಿ, ಅಂದರೆ ಜೀವಂತ ಹವಳವಿರುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟವರಿಗೆ ಈ ಸಂಸಾರದಲ್ಲಿ ಮೊದಲು ಗೊತ್ತಿರಬೇಕಾದದ್ದು ಬಣ್ಣವಲ್ಲ, ಮಲಗುವ ಪದ್ಧತಿ. ಫೇರಿ ರ‍್ಯಾಸ್‌ಗಳು ರಾತ್ರಿ ಕಲ್ಲಿನ ಸಂದಿಗೆ ಸೇರಿ, ಬಾಯಿಂದ ಲೋಳೆ ಬಿಟ್ಟು, ಸೊಳ್ಳೆಪರದೆಯಂಥ ತೆಳು ಗೂಡು ಕಟ್ಟಿಕೊಂಡು ಮಲಗುತ್ತವೆ. ಲೆಪರ್ಡ್ ರ‍್ಯಾಸ್‌ಗೆ ಮರಳೇ ಹಾಸಿಗೆ, ಮರಳೇ ಹೊದಿಕೆ. ಹೆದರಿದರೂ ಅಲ್ಲಿಗೇ ಓಟ. ಅಂಗಡಿಯ ತೊಟ್ಟಿಗಳ ತಳ ಸಾಮಾನ್ಯವಾಗಿ ಬರಿಗಾಜು. ಹೆದರಿದ ಮೀನು ಅಲ್ಲೂ ಮುಳುಗಲು ನೋಡುತ್ತದೆ, ಮೂತಿ ಜಜ್ಜಿಕೊಳ್ಳುತ್ತದೆ. ಪ್ರಯಾಣದ ಪ್ಲಾಸ್ಟಿಕ್ ಚೀಲದಲ್ಲೂ ಅದೇ ಕಥೆ. ದವಡೆಗೆ ಪೆಟ್ಟು ಬಿದ್ದ ಮೀನು ತಿನ್ನಲಾರದೆ ನಿಧಾನಕ್ಕೆ ಸೊರಗುತ್ತದೆ.

ಆದ್ದರಿಂದ ಕೊಳ್ಳುವಾಗ ನಾನು ಈಗ ಮೊದಲು ನೋಡುವುದು ಬಾಯಿಯನ್ನು. ತುಟಿ ಕೆಂಪಗಾಗಿದ್ದರೆ, ಬಾಯಿ ಪೂರ್ತಿ ಮುಚ್ಚದಿದ್ದರೆ ಬೇಡ. ಆಮೇಲೆ ಹೊಟ್ಟೆ ಮತ್ತು ಬೆನ್ನು: ಹೊಟ್ಟೆ ಒಳಗೆ ಹೋಗಿ ತಲೆಯ ಹಿಂದೆ ಬೆನ್ನು ಚೂಪಾಗಿದ್ದರೆ ಅದು ಹಸಿವಿನ ಕೊನೆಯ ಹಂತ. ಅಂಗಡಿಯವರಿಗೆ ಮುಜುಗರವಾದರೂ ಸರಿ, ನನ್ನ ಕಣ್ಣೆದುರು ಅದಕ್ಕೆ ಊಟ ಹಾಕಿಸುತ್ತೇನೆ. ಅಂದೇ ಬಂದಿಳಿದ ಮೀನನ್ನು ಎಷ್ಟೇ ಚೆನ್ನಾಗಿದ್ದರೂ ತರುವುದಿಲ್ಲ. ಗಾತ್ರ ಮಧ್ಯಮವಿರಲಿ: ತೀರ ಮರಿಗೆ ಹಸಿವು ತಡೆಯುವ ಶಕ್ತಿಯಿಲ್ಲ, ದೊಡ್ಡ ಗಂಡು ಹೊಸ ಊಟ ಒಪ್ಪುವುದಿಲ್ಲ. ಗಂಡೇ ಬೇಕೆಂದು ಹುಡುಕಬೇಕಾಗಿಯೂ ಇಲ್ಲ. ಇವುಗಳಲ್ಲಿ ಹೆಣ್ಣು ಮುಂದೆ ಗಂಡಾಗಿ ಬದಲಾಗಬಲ್ಲದು. ಎರಡು ಹೆಣ್ಣು ತಂದರೆ ದೊಡ್ಡದು ಒಂದು ದಿನ ವೇಷ ಬದಲಿಸೀತು.

ಇನ್ನು ಚೀಲ ಬಿಚ್ಚುವ ಹೊತ್ತು. ಹೆಚ್ಚು ಮೀನು ಸಾಯಲು ಕಾರಣವಾಗುವುದು ಆ ಹೊತ್ತಿನಲ್ಲಿ ನಾವು ತೋರಿಸುವ ಅತಿ ಕಾಳಜಿ ಎಂದೇ ನನ್ನ ಅನುಮಾನ. ಚೀಲ ಬಿಚ್ಚಿ ನೀರನ್ನು ಬಕೆಟ್ಟಿಗೆ ಸುರಿದು, ತೊಟ್ಟಿಯಿಂದ ಸಣ್ಣ ಕೊಳವೆಯಲ್ಲಿ ಹನಿಹನಿಯಾಗಿ ನೀರು ಬಿಡುತ್ತಾ ಮೀನು ಹೊಸ ನೀರಿಗೆ ಒಗ್ಗಲಿ ಎಂದು ಎರಡು ಗಂಟೆ ಕೂರುವುದು ರೂಢಿ. ನಾನೂ ಭಕ್ತಿಯಿಂದ ಕೂತವನೇ, ದೇವರಿಗೆ ಅಭಿಷೇಕ ಮಾಡುವವನ ಹಾಗೆ. ಆ ಬಕೆಟ್ಟಿನಲ್ಲಿ ನಡೆಯುವುದು ಮಾತ್ರ ಬೇರೆಯೇ.

ದೂರದಿಂದ ಬರುವ ಚೀಲದಲ್ಲಿ ಮೀನು ಗಂಟೆಗಟ್ಟಲೆ ಉಸಿರಾಡಿರುತ್ತದೆ. ಅದು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗಲು ದಾರಿಯಿಲ್ಲದೆ ನೀರಿನಲ್ಲೇ ಕರಗಿ ನೀರನ್ನು ಆಮ್ಲದ ಕಡೆಗೆ ಎಳೆಯುತ್ತದೆ. ಸಮುದ್ರದಲ್ಲಿ 8.1ರ ಆಸುಪಾಸು ಇರಬೇಕಾದ ಪಿಎಚ್ 7ರ ಹತ್ತಿರಕ್ಕೆ ಇಳಿಯುತ್ತದೆ. ಜೊತೆಗೆ ಕಿವಿರಿನಿಂದ ಅಮೋನಿಯಾವೂ ಸೇರುತ್ತಿರುತ್ತದೆ. ಆದರೆ ಇಳಿದ ಪಿಎಚ್‌ನಲ್ಲಿ ಅದರ ಬಹುಪಾಲು ಅಮೋನಿಯಂ ರೂಪದಲ್ಲಿರುವುದರಿಂದ ಮೀನಿಗೆ ಅಷ್ಟಾಗಿ ತಟ್ಟುವುದಿಲ್ಲ. ಒಂದು ಕೇಡು ಇನ್ನೊಂದನ್ನು ಕಟ್ಟಿಹಾಕಿರುತ್ತದೆ. ಚೀಲ ಬಿಚ್ಚಿದೊಡನೆ ಆ ಕಟ್ಟು ಸಡಿಲ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಹಾರುತ್ತದೆ, ಪಿಎಚ್ ಏರುತ್ತದೆ. ಪಿಎಚ್ ಒಂದು ಅಂಕ ಏರಿದರೆ ವಿಷದ ರೂಪದ ಅಮೋನಿಯಾ ಸುಮಾರು 10 ಪಟ್ಟಾಗುತ್ತದೆ. ನಾವು ಹನಿ ಎಣಿಸುತ್ತಾ ಕೂತಿರುತ್ತೇವೆ, ಮೀನಿನ ಕಿವಿರು ಸುಡುತ್ತಿರುತ್ತದೆ. ಪಕ್ಕದ ಬೀದಿಯ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದ ಮೀನಿಗೆ ಈ ಭಯ ಕಡಿಮೆ. ರಾತ್ರಿಯಿಡೀ ವಿಮಾನದಲ್ಲಿ ಬಂದದ್ದಕ್ಕೆ ಜಾಸ್ತಿ.

ಹಾಗಾದರೆ ಉಪ್ಪಿನ ವ್ಯತ್ಯಾಸವನ್ನು ಏನು ಮಾಡುವುದು? ಅದನ್ನೂ ಕಡೆಗಣಿಸುವಂತಿಲ್ಲ. ಸಮುದ್ರದ ಮೀನಿನ ರಕ್ತದ ಉಪ್ಪು ಸಮುದ್ರದ ಉಪ್ಪಿನ ಮೂರನೇ ಒಂದು ಭಾಗದಷ್ಟು. ಮೈಯ ನೀರನ್ನು ಕಡಲು ಸದಾ ಹೊರಗೆಳೆಯುತ್ತಲೇ ಇರುತ್ತದೆ. ಹಾಗಾಗಿ ಮೀನು ಕಡಲನ್ನೇ ಕುಡಿದು, ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತಾ ಬದುಕುತ್ತದೆ. ಎಷ್ಟೋ ಅಂಗಡಿಗಳು ಪರಾವಲಂಬಿಗಳ ಕಾಟ ತಗ್ಗಲಿ, ಉಪ್ಪಿನ ಖರ್ಚೂ ಉಳಿಯಲಿ ಎಂದು ನೀರಿನ ಸಾಂದ್ರತೆಯನ್ನು (ಉಪ್ಪು ಹೆಚ್ಚಿದಷ್ಟೂ ಏರುವ ಅಂಕಿ ಇದು) 1.020ರಷ್ಟಕ್ಕೆ ಇಳಿಸಿರುತ್ತವೆ. ನಮ್ಮ ಹವಳದ ತೊಟ್ಟಿ 1.026. ಕಡಿಮೆ ಉಪ್ಪಿನಿಂದ ಹೆಚ್ಚು ಉಪ್ಪಿಗೆ ಒಮ್ಮೆಲೇ ಹಾಕಿದರೆ ಬಳಲಿದ ಮೀನು ಒಳಗಿಂದಲೇ ಒಣಗುತ್ತದೆ.

ಉಪಾಯ ಸರಳ: ಮೀನನ್ನು ನಮ್ಮ ನೀರಿಗೆ ಒಗ್ಗಿಸುವ ಬದಲು ನಮ್ಮ ನೀರನ್ನು ಮೀನಿಗೆ ಒಗ್ಗಿಸುವುದು. ಅಂಗಡಿಯ ನೀರಿನ ಸಾಂದ್ರತೆ ಮೊದಲೇ ಕೇಳಿಕೊಂಡು ಒಂದು ಸಣ್ಣ ತೊಟ್ಟಿಯಲ್ಲಿ ಅದೇ ಉಪ್ಪಿನ, ಅದೇ ಬಿಸಿಯ ನೀರು ಸಿದ್ಧವಿಟ್ಟುಕೊಳ್ಳಿ. ಚೀಲವನ್ನು ಮುಚ್ಚಿದಂತೆಯೇ ಒಂದು ಇಪ್ಪತ್ತು ನಿಮಿಷ ತೇಲಬಿಡಿ. ಬಿಚ್ಚಿದ ಕೂಡಲೇ ಒಂದು ಹನಿಯನ್ನು ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿಗೆ ಹಾಕಿ ನೋಡಿ, ಹೊಂದುತ್ತಿದ್ದರೆ ಮೀನನ್ನು ಲೋಟದಲ್ಲಿ ಎತ್ತಿ ಒಳಗೆ ಬಿಡಿ. ಚೀಲದ ನೀರು ಚರಂಡಿಗೆ. ಉಪ್ಪನ್ನು ಏರಿಸುವ ಕೆಲಸ ಮುಂದಿನ ದಿನಗಳಲ್ಲಿ, ಸ್ವಲ್ಪ ಸ್ವಲ್ಪವೇ.

ಈ ಸಣ್ಣ ತೊಟ್ಟಿಯೇ ಕ್ವಾರಂಟೈನ್ ಕೂಡ ಆಗುತ್ತದೆ. ಲೆಪರ್ಡ್ ರ‍್ಯಾಸ್‌ಗೆ ಅಲ್ಲೂ ಒಂದು ಡಬ್ಬಿಯಲ್ಲಿ ನುಣ್ಣನೆ ಮರಳು ಬೇಕೇ ಬೇಕು. ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧ ಹಾಕುವುದಿದ್ದರೆ ಹವಳದ ಮರಳು ಬೇಡ, ತಾಮ್ರವನ್ನು ಅದೇ ಹೀರಿಕೊಳ್ಳುತ್ತದೆ. ಸಿಲಿಕಾ ಮರಳು ಸರಿ.

ಊಟದ ವಿಷಯಕ್ಕೆ ಬಂದರೆ, ರ‍್ಯಾಸ್‌ಗಳಿಗೆ ಜಠರವೇ ಇಲ್ಲ. ಅನ್ನನಾಳ ನೇರ ಕರುಳಿಗೆ ಸೇರುತ್ತದೆ. ತುಂಬಿಟ್ಟುಕೊಳ್ಳಲು ಚೀಲವಿಲ್ಲದ ಮೇಲೆ ದಿನವಿಡೀ ಹೆಕ್ಕುತ್ತಲೇ ಇರಬೇಕು. ಲೆಪರ್ಡ್ ರ‍್ಯಾಸ್‌ಗಳ ಕುಲನಾಮ ಮ್ಯಾಕ್ರೋಫ್ಯಾರಿಂಗೋಡಾನ್, ಅಂದರೆ ಗಂಟಲಲ್ಲಿ ದೊಡ್ಡ ಹಲ್ಲಿನದು. ಮರಳಿನ ಕಾಳಿನಷ್ಟೇ ಇರುವ, ಸುಣ್ಣದ ಚಿಪ್ಪಿನ ಫೊರಾಮಿನಿಫೆರಾ ಜೀವಿಗಳನ್ನೂ ಪುಟ್ಟ ಬಸವನಹುಳುಗಳನ್ನೂ ಅದು ಆ ಹಲ್ಲಿನಲ್ಲಿ ಅರೆಯುತ್ತದೆ. ಹೊಸದಾಗಿ ಹೊಂದಿಸಿದ ತೊಟ್ಟಿಯಲ್ಲಿ ಇವು ಯಾವುವೂ ಇರುವುದಿಲ್ಲ. ಕಲ್ಲು, ಮರಳು ತಿಂಗಳುಗಟ್ಟಲೆ ಹಳತಾಗಿ, ಟಾರ್ಚ್ ಬಿಟ್ಟರೆ ಗಾಜಿನ ಮೇಲೆ ಸೀಗಡಿ ಬಳಗದ ಪುಟಾಣಿ ಜೀವಿಗಳಾದ ಕೋಪಿಪಾಡ್‌ಗಳು ಹರಿದಾಡುವಂತಾದ ಮೇಲೆಯೇ ಈ ಮೀನಿನ ಯೋಚನೆ. ಆಗಲೂ ಆರ್ಟೀಮಿಯಾ ಎಂಬ ಉಪ್ಪುನೀರಿನ ಸೀಗಡಿಯ ಮರಿ, ಮೈಸಿಸ್ ಸೀಗಡಿಯನ್ನು ದಿನಕ್ಕೆ ಮೂರು ನಾಲ್ಕು ಸಲ ಚೂರು ಚೂರೇ ಹಾಕಬೇಕು. ತೊಟ್ಟಿಯಲ್ಲಿ ಸಿಕ್ಸ್‌ಲೈನ್ ರ‍್ಯಾಸ್ ಎಂಬ ಪುಂಡ ಇದ್ದರೆ ಇದನ್ನು ತರುವ ಆಸೆ ಬಿಡಿ. ಮೇಲೆ ಬಲೆಯ ಮುಚ್ಚಳ ಹಾಕಿ. ಬೆಳಿಗ್ಗೆ ನೆಲದ ಮೇಲೆ ಒಣಗಿದ ರ‍್ಯಾಸ್ ಸಿಗದ ಹವ್ಯಾಸಿ ಅಪರೂಪ.

ಮತ್ತೆ ಆ ಮರಳಿನ ಮಾತು. ಈ ಮೀನಿಗೆ ಬೆಳಕಿಗೆ ಹೊಂದಿಕೊಂಡ ಗಟ್ಟಿ ದಿನಚರಿಯಿದೆ, ಹೊತ್ತಿಗೆ ಸರಿಯಾಗಿ ಏಳುತ್ತದೆ, ಹೊತ್ತಿಗೆ ಸರಿಯಾಗಿ ಮಲಗುತ್ತದೆ. ಕೀನ್ಯಾದ ಕರಾವಳಿಯಲ್ಲಿ ಹಿಡಿದದ್ದು ಬೆಂಗಳೂರಿಗೆ ಬಂದರೆ ಗಡಿಯಾರ ಎರಡೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಗೆಳೆಯನ ಮನೆಗೆ ಹೋದರೆ ಹಗಲೇ ರಾತ್ರಿ. ಅದರ ಮೇಲೆ ಭಯ ಬೇರೆ. ನಮ್ಮ ದೀಪ ಆರಿದ ಮೇಲೆ ಎದ್ದು, ಏನೂ ಕಾಣದೆ ಮತ್ತೆ ಮಲಗುವ ಮೀನು ಸತ್ತಿದೆಯೆಂದು ನಮಗನ್ನಿಸುತ್ತದೆ. ದಿನಗಟ್ಟಲೆ ಕಾಯಬೇಕಾದೀತು. ಕಾಯುವಾಗ ಅಮೋನಿಯಾ ಅಳೆಯುತ್ತಿರಿ. ಅದು ಏರದಿದ್ದರೆ ಒಳಗೆ ಏನೂ ಕೊಳೆಯುತ್ತಿಲ್ಲ ಎಂದು ಸಮಾಧಾನವಾಗಿರಬಹುದು.

ಎರಡನೆಯ ಮೀನಿಗೆ ಚಮಚವನ್ನು ಅಡುಗೆಮನೆಯಲ್ಲೇ ಬಿಟ್ಟೆ. ಒಂಬತ್ತನೆಯ ದಿನ ಮಧ್ಯಾಹ್ನ ನಾನು ಆಫೀಸಿನಲ್ಲಿದ್ದಾಗ ಅಮ್ಮನ ಫೋನ್: “ಲೋ, ನಿನ್ನ ಮೀನು ಎದ್ದಿದೆ ಕಣೋ. ಕಲ್ಲೆಲ್ಲ ಕುಕ್ಕಿಕೊಂಡು ಓಡಾಡ್ತಿದೆ. ಏನು ಹಾಕ್ಲಿ?”