ಕ್ರೈಸ್ತ ಸ್ವಾತಂತ್ರ್ಯ: ಲೂಥರ್ ಹೇಳಿದ ಬಿಡುಗಡೆ ಯಾವುದು?

ಸ್ವಾತಂತ್ರ್ಯ ಅಂದ ತಕ್ಷಣ ನಮಗೆ ತೋಚುವುದು ಆಯ್ಕೆ. ಬೇಕಾದ್ದು ಮಾಡುವುದು, ಬೇಡದ್ದು ಬಿಡುವುದು, ಅಷ್ಟೇ ಅಲ್ವಾ? ಈ ಅರ್ಥ ಹಿಡಿದುಕೊಂಡು ಹದಿನಾರನೇ ಶತಮಾನದ ಜರ್ಮನ್ ಚರ್ಚ್ ಸುಧಾರಕ ಮಾರ್ಟಿನ್ ಲೂಥರ್‌ನನ್ನು ಓದಲು ಕೂತರೆ ತಲೆ ಕೆಡುತ್ತದೆ. 1520ರಲ್ಲಿ ಆತ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದ. 1525ರಲ್ಲಿ ಬಂದ ದೊಡ್ಡ ಪುಸ್ತಕದಲ್ಲಿ ಮನುಷ್ಯನ ಇಚ್ಛೆಯೇ ಗುಲಾಮ ಎಂದ. ಮಾತು ಬದಲಿಸಿದ ಅನ್ನಿಸುತ್ತದೆ. ಬದಲಿಸಿರಲಿಲ್ಲ.

ಎರಡನೆಯ ಪುಸ್ತಕ ಡಚ್ ವಿದ್ವಾಂಸ ಎರಾಸ್ಮಸ್‌ಗೆ ಕೊಟ್ಟ ಉತ್ತರ. ಮನುಷ್ಯನ ಇಚ್ಛೆಗೆ ಸ್ವಲ್ಪವಾದರೂ ಶಕ್ತಿ ಇದೆ ಎಂದು ಎರಾಸ್ಮಸ್ 1524ರಲ್ಲಿ ಬರೆದಿದ್ದ. ಇಚ್ಛೆ ಸವಾರಿಯ ಪಶುವಿನಂತೆ ಎಂದ ಲೂಥರ್. ದೇವರು ಏರಿದರೆ ದೇವರ ದಾರಿ, ಸೈತಾನ ಏರಿದರೆ ಅವನ ದಾರಿ. ಸವಾರನನ್ನು ಆರಿಸಿಕೊಳ್ಳುವುದು ಪಶುವಿನ ಕೈಯಲ್ಲಿಲ್ಲ.

ಹಾಗಾದರೆ ಬೆಳಿಗ್ಗೆ ಏನು ತಿನ್ನಬೇಕು ಅನ್ನುವುದೂ ನಮ್ಮ ಕೈಲಿಲ್ಲವೇ? ಇದೆ. ಲೂಥರ್‌ನ ಅನುಯಾಯಿಗಳು ತಮ್ಮ ನಂಬಿಕೆಯನ್ನು ಸಾರಿದ 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ 18ನೇ ವಿಧಿ ಇದನ್ನು ಬಿಡಿಸಿ ಹೇಳುತ್ತದೆ. ಹೊಲದಲ್ಲಿ ದುಡಿಯುವುದು, ಉಣ್ಣುವುದು, ಮನೆ ಕಟ್ಟುವುದು, ಮದುವೆಯಾಗುವುದು, ದನ ಸಾಕುವುದು, ಇವೆಲ್ಲ ಮನುಷ್ಯನ ಇಚ್ಛೆಗೆ ಸೇರಿದವು. ದೇವರನ್ನು ನಂಬುವುದು, ಆತನ ಮುಂದೆ ನೀತಿವಂತನಾಗುವುದು ಮಾತ್ರ ಪವಿತ್ರಾತ್ಮನ ನೆರವಿಲ್ಲದೆ ಆಗದ ಕೆಲಸ.

'ಆಗದಿದ್ದರೆ ದೇವರು ಆಜ್ಞೆ ಕೊಡುವುದೇಕೆ?' ಇದು ಎರಾಸ್ಮಸ್‌ನ ಪ್ರಶ್ನೆ. ನನಗೂ ಇದೇ ಸರಿಯಾದ ಪ್ರಶ್ನೆ ಅನ್ನಿಸುತ್ತಿತ್ತು. ಲೂಥರ್ ಕೊಟ್ಟ ಒಂದು ಉದಾಹರಣೆ ಮನೆಯೊಳಗಿನದು. ಅಪ್ಪ ಅಮ್ಮ ಪುಟ್ಟ ಮಗುವಿಗೆ 'ಬಾ, ಬಾ' ಅನ್ನುತ್ತಾರೆ. ಅದಕ್ಕೆ ಬರಲಾಗದು ಎಂದು ಅವರಿಗೆ ಗೊತ್ತು. ಮಗುವಿಗೂ ಅದು ತಿಳಿಯಲಿ, ಕೈ ಚಾಚಿ ತಮ್ಮನ್ನು ಕರೆಯಲಿ ಎಂದೇ ಹಾಗೆ ಕರೆಯುವುದು.

ಇನ್ನು 1520ರ ಪುಸ್ತಕ. ಅದರ ಶುರುವಿನಲ್ಲೇ ಜೋಡಿ ಮಾತಿದೆ: ಕ್ರೈಸ್ತ ಎಲ್ಲದರ ಒಡೆಯ, ಯಾರಿಗೂ ಅಧೀನನಲ್ಲ; ಕ್ರೈಸ್ತ ಎಲ್ಲರ ಸೇವಕ, ಎಲ್ಲರಿಗೂ ಅಧೀನ. ಇಲ್ಲಿ ಬಿಡುಗಡೆ ಅಂದರೆ ಲೆಕ್ಕ ಒಪ್ಪಿಸುವ ಹೆದರಿಕೆಯಿಂದ ಬಿಡುಗಡೆ. ಇಷ್ಟು ಉಪವಾಸ, ಇಷ್ಟು ಯಾತ್ರೆ ಮಾಡಿ ಮೋಕ್ಷ ಗಳಿಸಬೇಕಾಗಿಲ್ಲ. ಅದು ನಂಬಿಕೆಯಿಂದ ಸುಮ್ನೆ ಸಿಗುತ್ತದೆ. ಆ ನಂಬಿಕೆಯೂ ದೇವರು ಕೊಟ್ಟದ್ದೇ. ಇಚ್ಛೆ ಕಟ್ಟುಬಿದ್ದಿದೆ ಎಂಬ ಮಾತು ಬಂದು ಕೂರುವುದು ಇಲ್ಲೇ. ಮೋಕ್ಷ ಕಾಲುಪಾಲಾದರೂ ನನ್ನ ಇಚ್ಛೆಯ ಮೇಲೆ ನಿಂತಿದ್ದರೆ 'ನಾನು ಮಾಡಿದ್ದು ಸಾಕಾಯಿತೇ' ಎಂಬ ಕೊರೆತ ತಪ್ಪುವುದಿಲ್ಲ. ಸನ್ಯಾಸಿಯಾಗಿದ್ದಾಗ ಲೂಥರ್‌ಗೆ ಆ ಕೊರೆತ ಚೆನ್ನಾಗಿಯೇ ಗೊತ್ತಿತ್ತು.

ಹಾಗಂತ ಒಳ್ಳೆಯ ಕೆಲಸ ಬಿಡಬಹುದೇ? ಇಲ್ಲ, ಜೋಡಿಯ ಎರಡನೇ ಮಾತು ಇರುವುದೇ ಅದಕ್ಕೆ. ಹಣ್ಣು ಮರವನ್ನು ಹೆರುವುದಿಲ್ಲ, ಮರ ಹಣ್ಣು ಬಿಡುತ್ತದೆ. ಒಳ್ಳೆಯ ಕೆಲಸ ಇನ್ನು ದೇವರಿಗೆ ಸಲ್ಲಿಸುವ ಕಂತಲ್ಲ. ಅದು ಪಕ್ಕದ ಮನೆಯವನಿಗೆ, ಅವನಿಗೆ ಬೇಕು ಅನ್ನುವ ಒಂದೇ ಕಾರಣಕ್ಕೆ.