ಮಕ್ಕಳ ಕೊರಳಿನಿಂದ ಮಮ್ಮಿಯ ಎದೆಗೆ: ಈಜಿಪ್ಟಿನ ತಾಯತಗಳ ಹಿಂದಿನ ಕತೆ

2023ರ ಜನವರಿಯಲ್ಲಿ ಕೈರೋದಿಂದ ಒಂದು ಸುದ್ದಿ ಬಂತು. ಅಲ್ಲಿನ ಈಜಿಪ್ಟ್ ಮ್ಯೂಸಿಯಂನ ನೆಲಮಾಳಿಗೆಯಲ್ಲಿ ಒಂದು ಮಮ್ಮಿ ಬಿಚ್ಚದೆ ಹಾಗೇ ಬಿದ್ದಿತ್ತು. 1916ರಲ್ಲಿ ಎಡ್ಫು ಕಡೆಯ ನಾಗ್ ಎಲ್-ಹಸ್ಸಾಯ ಸ್ಮಶಾನದಲ್ಲಿ ಸಿಕ್ಕಿದ್ದು. ಕೈರೋ ವಿಶ್ವವಿದ್ಯಾಲಯದ ವೈದ್ಯೆ ಸಹರ್ ಸಲೀಂ ಮತ್ತು ಅವರ ತಂಡ ಅದನ್ನು ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದರು. ಒಳಗಿದ್ದವನು ಹದಿನಾಲ್ಕು ಹದಿನೈದು ವರ್ಷದ ಹುಡುಗ. ಸತ್ತು ಸುಮಾರು 2,300 ವರ್ಷ ಆಗಿದೆ. ಬಟ್ಟೆಯ ಸುತ್ತುಗಳ ನಡುವೆ ಮತ್ತು ಮೈಯೊಳಗೆ ಒಟ್ಟು 49 ತಾಯತಗಳು, 21 ಬಗೆಯವು. ಬಾಯಲ್ಲಿ ಚಿನ್ನದ ನಾಲಗೆ. ಎದೆಗೂಡಿನೊಳಗೆ ಚಿನ್ನದ ಸಗಣಿ ಹುಳ.

ಇಂಥದ್ದನ್ನು ಓದಿದರೆ ಈಜಿಪ್ಟಿನವರಿಗೆ ಸಾವಿನದೇ ಧ್ಯಾನ ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನಮಗೆ ಕಾಣುವುದು ಉಳಿದದ್ದು ಮಾತ್ರ. ಸಮಾಧಿಗಳು ಮರುಭೂಮಿಯ ಒಣ ಮರಳಿನಲ್ಲಿದ್ದವು, ಉಳಿದವು. ಊರುಗಳು ನೈಲ್ ದಂಡೆಯಲ್ಲಿ ಹಸಿ ಇಟ್ಟಿಗೆಯಲ್ಲಿ ಕಟ್ಟಿದ್ದವು, ಹೆಚ್ಚಿನವು ಕರಗಿಹೋದವು. ತಾಯತವನ್ನು ಹೆಣದ ಸಾಮಾನು ಎಂದುಕೊಂಡರೆ ಅದರ ಕತೆಯನ್ನು ಕೊನೆಯ ಪುಟದಿಂದ ಓದಿದ ಹಾಗೆ. ಅದನ್ನು ಮೊದಲು ಕಟ್ಟಿಕೊಂಡವರು ಬದುಕಿದ್ದವರು. ಅವರಲ್ಲೂ ಬಸುರಿಯರು, ಬಾಣಂತಿಯರು, ಕೂಸುಗಳು ಜಾಸ್ತಿ.

ಶುರುವಾಗಿದ್ದು ಈಜಿಪ್ಟಿನ ರಾಜರಾದ ಫೇರೋಗಳಿಗಿಂತ ಎಷ್ಟೋ ಮುಂಚೆ. ಮೇಲಿನ ಈಜಿಪ್ಟಿನ, ಅಂದರೆ ದಕ್ಷಿಣ ಭಾಗದ, ಬದಾರಿ ಎಂಬಲ್ಲಿ ಕ್ರಿ.ಪೂ. 4000ಕ್ಕೂ ಹಿಂದಿನ ಗೋರಿಗಳಲ್ಲಿ ನೀರಾನೆಯ ಆಕಾರದ, ಜಿಂಕೆ ತಲೆಯ ಆಕಾರದ ಪುಟ್ಟ ತಾಯತಗಳು ಸಿಕ್ಕಿವೆ. ಆಗ ಪಿರಮಿಡ್ ಇಲ್ಲ, ಬರವಣಿಗೆಯೂ ಇಲ್ಲ. ನೀರಾನೆ ನೋಡಲು ದಡ್ಡ ಪ್ರಾಣಿಯಂತೆ ಕಂಡರೂ ದೋಣಿ ಮಗುಚುತ್ತದೆ, ಬೆಳೆ ತುಳಿಯುತ್ತದೆ, ಮನುಷ್ಯರನ್ನು ಕೊಲ್ಲುತ್ತದೆ. ಅಂಥದ್ದನ್ನೇ ಕೊರಳಿಗೆ ಯಾಕೆ ಕಟ್ಟಿಕೊಂಡರು? ಅದರ ಸಿಟ್ಟು ತಮ್ಮ ಕಡೆಗಿರಲಿ ಅಂತ ಇರಬೇಕು. ಈ ಲೆಕ್ಕಾಚಾರ ಮುಂದೆ ಮೂರು ನಾಲ್ಕು ಸಾವಿರ ವರ್ಷ ಬದಲಾಗಲಿಲ್ಲ.

ಯಾವುದರಿಂದ ಮಾಡಿದ್ದು ಎಂಬುದಕ್ಕೂ ಅಷ್ಟೇ ಬೆಲೆ ಇತ್ತು. ಗೆರ್ಜೆ ಎಂಬ ಸ್ಮಶಾನದಲ್ಲಿ 1911ರಲ್ಲಿ ಒಂಬತ್ತು ಕಬ್ಬಿಣದ ಮಣಿಗಳು ಸಿಕ್ಕವು. ಕ್ರಿ.ಪೂ. 3200ರ ಸುಮಾರಿನವು. ಅದಿರಿನಿಂದ ಕಬ್ಬಿಣ ತೆಗೆಯುವುದು ಆಗ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಲೋಹ ಆಕಾಶದಿಂದ ಬಿದ್ದ ಉಲ್ಕೆಯದು ಎಂದು 2013ರಲ್ಲಿ ಖಚಿತವಾಯಿತು. ಅದನ್ನು ತಗಡಿನಂತೆ ಬಡಿದು, ಸುರುಳಿ ಸುತ್ತಿ, ಚಿನ್ನದ ಮತ್ತು ಬಣ್ಣದ ಕಲ್ಲಿನ ಮಣಿಗಳ ಜೊತೆ ಪೋಣಿಸಿದ್ದರು.

ಆ ನೀರಾನೆಯೇ ಮುಂದೆ ತಾವೆರೆತ್ ಎಂಬ ದೇವತೆಯಾಯಿತು. ನೀರಾನೆಯ ತಲೆ, ಬಸುರಿಯ ಹೊಟ್ಟೆ, ಸಿಂಹದ ಕಾಲು, ಬೆನ್ನ ಮೇಲೆ ಮೊಸಳೆ. ಮರಿ ಕಾಯುವ ಹೆಣ್ಣು ನೀರಾನೆಯ ಹತ್ತಿರ ಸುಳಿಯುವ ಧೈರ್ಯ ಯಾರಿಗಿದೆ? ಹೆರಿಗೆ ಮನೆಗೆ ಅಂಥವಳೇ ಬೇಕಿತ್ತು. ಜೊತೆಗೆ ಬೆಸ್ ಎಂಬ ಕುಳ್ಳ ದೇವರು. ಗಡ್ಡ, ಚಾಚಿದ ನಾಲಗೆ, ಕೆಲವೊಮ್ಮೆ ಕೈಯಲ್ಲಿ ಕತ್ತಿ. ದೊಡ್ಡ ದೇವಸ್ಥಾನಗಳ ಗರ್ಭಗುಡಿ ಜನಸಾಮಾನ್ಯರಿಗೆ ಮುಚ್ಚಿತ್ತು. ಮನೆಯೊಳಗೆ, ಮಂಚದ ಕಾಲಿನ ಮೇಲೆ, ಕೊರಳಲ್ಲಿ ಇರುತ್ತಿದ್ದವರು ಇವರಿಬ್ಬರೇ.

ತಾಯಂದಿರು ಯಾವುದಕ್ಕೆ ಹೆದರುತ್ತಿದ್ದರು ಎಂಬುದು ಬರ್ಲಿನ್ ಮ್ಯೂಸಿಯಂನಲ್ಲಿರುವ ಒಂದು ಪಪೈರಸ್ ಸುರುಳಿಯಲ್ಲಿ ಇದೆ. ಕ್ರಿ.ಪೂ. 16ನೇ ಶತಮಾನದ ಸುಮಾರಿನದು. ತುಂಬಾ ಮಂತ್ರಗಳಿವೆ, ಎಲ್ಲವೂ ತಾಯಿ ಮತ್ತು ಮಗುವಿಗಾಗಿ. ಒಂದು ಮಂತ್ರ ಕತ್ತಲಲ್ಲಿ ಮೆಲ್ಲಗೆ ಒಳಬರುವ ಸತ್ತವರ ಪೀಡೆಯನ್ನು ಎದುರಿಗೇ ಗದರಿಸುತ್ತದೆ. ಅದರ ಮೂಗು ಹಿಂದಕ್ಕಿದೆ, ಮುಖ ತಿರುಗಿದೆ. ಈ ಮಗುವಿಗೆ ಮುತ್ತಿಡಲು ಬಂದೆಯಾ, ಬಿಡುವುದಿಲ್ಲ. ಇದನ್ನು ಸುಮ್ಮನಾಗಿಸಲು ಬಂದೆಯಾ, ಬಿಡುವುದಿಲ್ಲ. ಎತ್ತಿಕೊಂಡು ಹೋಗಲು ಬಂದೆಯಾ, ಬಿಡುವುದಿಲ್ಲ. ಆಮೇಲೆ ರಕ್ಷೆಗೆ ಏನೇನು ಹಾಕಿದ್ದೇನೆ ಎಂಬ ಪಟ್ಟಿ. ಒಂದು ಸೊಪ್ಪು, ನಿನಗೆ ಆಗದ ಬೆಳ್ಳುಳ್ಳಿ, ಮನುಷ್ಯರಿಗೆ ಸಿಹಿಯಾಗಿ ಸತ್ತವರಿಗೆ ಕಹಿಯಾಗುವ ಜೇನು, ಮೀನಿನ ಬೆನ್ನೆಲುಬು. ಇದರಲ್ಲಿ ತತ್ವಜ್ಞಾನವೇನೂ ಇಲ್ಲ. ನಡುರಾತ್ರಿ ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡವರ ಮಾತು ಇದು.

ಮೀನು ಅಂದಾಗ ಇನ್ನೊಂದು ಕತೆ ನೆನಪಾಗುತ್ತದೆ. ಅದೂ ಬರ್ಲಿನ್‌ನಲ್ಲೇ ಇರುವ ವೆಸ್ಟ್‌ಕಾರ್ ಪಪೈರಸ್‌ನಲ್ಲಿದೆ. ಸ್ನೆಫ್ರು ರಾಜನಿಗೆ ಬೇಜಾರು. ಮನಸ್ಸು ಹಗುರಾಗಲಿ ಅಂತ ಇಪ್ಪತ್ತು ಹುಡುಗಿಯರಿಂದ ಕೆರೆಯಲ್ಲಿ ದೋಣಿ ಹುಟ್ಟು ಹಾಕಿಸುತ್ತಾನೆ. ಮುಂದೆ ಕೂತ ಹುಡುಗಿಯ ಜಡೆಯಲ್ಲಿದ್ದ ಟರ್ಕಾಯ್ಸ್ ಕಲ್ಲಿನ ಮೀನು ನೀರಿಗೆ ಬೀಳುತ್ತದೆ. ಅವಳು ಹುಟ್ಟು ಹಾಕುವುದನ್ನು ನಿಲ್ಲಿಸುತ್ತಾಳೆ, ಅವಳ ಸಾಲಿನವರೂ ನಿಲ್ಲಿಸುತ್ತಾರೆ. ಬೇರೆ ಕೊಡಿಸುತ್ತೇನೆ ಅಂತ ರಾಜನೇ ಹೇಳಿದರೂ ಒಪ್ಪುವುದಿಲ್ಲ, ನನ್ನದೇ ಬೇಕು ಅನ್ನುತ್ತಾಳೆ. ಕೊನೆಗೆ ಜಾಜಾಎಂಆಂಖ್ ಎಂಬ ಪುರೋಹಿತ ಮಂತ್ರ ಹೇಳಿ ಕೆರೆಯ ಅರ್ಧ ನೀರನ್ನು ಎತ್ತಿ ಇನ್ನರ್ಧದ ಮೇಲೆ ಇಡುತ್ತಾನೆ. ಮೀನು ತಳದಲ್ಲಿ ಒಂದು ಮಡಕೆ ಚೂರಿನ ಮೇಲೆ ಬಿದ್ದಿರುತ್ತದೆ. ಇಂಥ ಮೀನುಗಳನ್ನು ಮಕ್ಕಳ ಜಡೆಯ ತುದಿಗೆ ಕಟ್ಟುತ್ತಿದ್ದರು. ನೀರಲ್ಲಿ ಮುಳುಗದಿರಲಿ ಎಂಬುದು ಅದರ ಉದ್ದೇಶ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಹರಾಗಾ ಎಂಬಲ್ಲಿ ಒಂದು ಮಗುವಿನ ಸಮಾಧಿಯಲ್ಲಿ ಸಿಕ್ಕ ಚಿನ್ನದ ಮೀನು ಈಗ ಎಡಿನ್‌ಬರೋದ ಮ್ಯೂಸಿಯಂನಲ್ಲಿದೆ.

ಚಿನ್ನ, ಟರ್ಕಾಯ್ಸ್ ಎಲ್ಲರಿಗೂ ಎಲ್ಲಿ ಸಿಗಬೇಕು? ಅದಕ್ಕೆ ಫೈಯಾನ್ಸ್ ಇತ್ತು. ಬೆಣಚು ಕಲ್ಲಿನ ಪುಡಿ ಅಥವಾ ಮರಳು, ಸ್ವಲ್ಪ ಸುಣ್ಣ, ಸೋಡಾ ಉಪ್ಪು ಅಥವಾ ಗಿಡದ ಬೂದಿ, ಬಣ್ಣಕ್ಕೆ ತಾಮ್ರ. ನೀರು ಹಾಕಿ ಕಲಸಿ, ಮಣ್ಣಿನ ಅಚ್ಚಿಗೆ ಒತ್ತಿ, ಒಣಗಿಸಿ ಸುಟ್ಟರೆ ಟರ್ಕಾಯ್ಸ್‌ನಂತೆಯೇ ಹೊಳೆಯುವ ನೀಲಿ. ಒಂದು ಅಚ್ಚಿನಿಂದ ಎಷ್ಟು ಬೇಕಾದರೂ ತೆಗೆಯಬಹುದು. ಹಸಿರು, ನೀಲಿ ಅಂದರೆ ಚಿಗುರು, ನೀರು, ಹೊಸ ಜೀವ. ಹಾಗಾಗಿ ಅಗ್ಗದ ಮಾಲಿಗೂ ಶಕ್ತಿ ಕಮ್ಮಿ ಎಂದು ಯಾರೂ ಎಣಿಸಲಿಲ್ಲ.

ಈ ಅಚ್ಚುಗಳು ಸಾವಿರಗಟ್ಟಲೆ ಸಿಕ್ಕ ಜಾಗ ಮಜವಾಗಿದೆ. ಅಮರ್ನಾ! ಕ್ರಿ.ಪೂ. 14ನೇ ಶತಮಾನದಲ್ಲಿ ಅಖೆನಾತೆನ್ ಎಂಬ ರಾಜ ಹಳೆಯ ದೇವರುಗಳನ್ನು ಪಕ್ಕಕ್ಕಿಟ್ಟು, ಸೂರ್ಯಬಿಂಬ ಆತೆನ್ ಒಂದೇ ದೇವರು ಎಂದು ಕಟ್ಟಿಸಿದ ಹೊಸ ರಾಜಧಾನಿ ಅದು. ಹಳೆಯ ದೇವರುಗಳಲ್ಲಿ ದೊಡ್ಡವನಾದ ಅಮುನ್ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಸಿದ. 1891-92ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಅಗೆದಾಗ ಅಚ್ಚುಗಳ ರಾಶಿ ಬಂತು. ಆಮೇಲಿನ ಉತ್ಖನನಗಳಲ್ಲಿ ಕೆಲಸಗಾರರ ಮನೆಗಳಿಂದಲೂ ಬೆಸ್, ತಾವೆರೆತ್, ಹೋರಸ್‌ನ ಕಣ್ಣು ಸಿಕ್ಕವು. ರಾಜ ದೇವರನ್ನು ಬದಲಾಯಿಸಿದ. ಅವನದೇ ಊರಿನ ಜನ ಮಕ್ಕಳ ಕೊರಳಿನ ತಾಯತವನ್ನು ಬಿಚ್ಚಲಿಲ್ಲ. ಧರ್ಮದ ಇತಿಹಾಸವನ್ನು ಶಾಸನ ಮಾತ್ರ ನೋಡಿ ಬರೆಯುವವರಿಗೆ ಇದು ಕಾಣುವುದಿಲ್ಲ.

ಹೋರಸ್‌ನ ಕಣ್ಣು ಈಗ ಟೀ ಶರ್ಟು, ಟ್ಯಾಟೂಗಳಲ್ಲೆಲ್ಲ ಇದೆ. ಕತೆ ಹೀಗಿದೆ. ಅಪ್ಪ ಒಸಿರಿಸ್‌ನ ಸಿಂಹಾಸನಕ್ಕಾಗಿ ಚಿಕ್ಕಪ್ಪ ಸೇತ್ ಜೊತೆ ಕಾದಾಡುವಾಗ ಹೋರಸ್ ದೇವರ ಕಣ್ಣಿಗೆ ಏಟು ಬೀಳುತ್ತದೆ. ಥೋತ್ ದೇವರು ಅದನ್ನು ಸರಿಪಡಿಸುತ್ತಾನೆ. ಕೆಟ್ಟು ಮತ್ತೆ ಪೂರ್ತಿಯಾದ ಕಣ್ಣು ಅದು. ಅದಕ್ಕೇ ಗಾಯ, ಕಾಯಿಲೆಗೆ ಅದು ಸರಿಯಾದ ರಕ್ಷೆ. ಮಮ್ಮಿ ಮಾಡುವಾಗ ಹೊಟ್ಟೆಯ ಎಡಭಾಗದಲ್ಲಿ ಸೀಳುತ್ತಿದ್ದರು. ಆ ಸೀಳನ್ನು ಮುಚ್ಚುವ ತಗಡಿನ ಮೇಲೂ ಇದೇ ಕಣ್ಣು. ಈ ಕಣ್ಣಿನ ಭಾಗಗಳು ಅರ್ಧ, ಕಾಲು, ಹೀಗೆ ಅರವತ್ತನಾಲ್ಕನೇ ಒಂದರವರೆಗಿನ ಭಿನ್ನರಾಶಿಗಳು ಎಂಬ ಮಾತನ್ನು ನೀವೂ ಓದಿರಬಹುದು. ಅದು 20ನೇ ಶತಮಾನದ ಶುರುವಿನ ವಿದ್ವಾಂಸರ ಊಹೆ. ಧಾನ್ಯ ಅಳೆಯುವ ಆ ಗುರುತುಗಳು ಬೇರೆಯೇ ಮೂಲದವು ಎಂದು ಗಣಿತದ ಇತಿಹಾಸಕಾರರು ಆಮೇಲೆ ತೋರಿಸಿದರು. ಮೆದುಳಿನ ಪೀನಿಯಲ್ ಗ್ರಂಥಿಯ ಚಿತ್ರವೇ ಅದು ಎಂಬ ವಾಟ್ಸಾಪ್ ಸಂಶೋಧನೆಗಂತೂ ಉತ್ತರ ಕೊಡುವುದು ಬೇಡ.

ಸಗಣಿ ಹುಳದ ದಾರಿಯೂ ಬದುಕಿನಿಂದ ಸಾವಿನ ಕಡೆಗೇ. ಉಂಡೆ ಉರುಳಿಸುವ ಹುಳದಲ್ಲಿ ಅವರಿಗೆ ಸೂರ್ಯನನ್ನು ತಳ್ಳುವ ಖೆಪ್ರಿ ದೇವರು ಕಂಡ. ಪಿರಮಿಡ್ ಕಾಲದ ಕೊನೆಯ ಹೊತ್ತಿಗೆ ಅದು ತಾಯತವಾಗಿತ್ತು. ಆಮೇಲೆ ಹುಳದ ಅಡಿಯಲ್ಲಿ ಹೆಸರು ಕೆತ್ತಿಸಿ ಅಧಿಕಾರಿಗಳು ಮುದ್ರೆಯಾಗಿ ಬಳಸಿದರು. ಮೂರನೆಯ ಅಮೆನ್‌ಹೋತೆಪ್ ಅದನ್ನು ಪ್ರಚಾರಕ್ಕೇ ಬಳಸಿಕೊಂಡ. ಹತ್ತು ವರ್ಷದಲ್ಲಿ ತಾನು 102 ಸಿಂಹಗಳನ್ನು ಹೊಡೆದೆ ಎಂದು ದೊಡ್ಡ ದೊಡ್ಡ ಸಗಣಿ ಹುಳಗಳ ಮೇಲೆ ಬರೆಸಿ ಹಂಚಿಸಿದ. ಇದರ ನಡುವೆ ಹುಳ ಹೃದಯದ ಮೇಲೂ ಬಂದು ಕೂತಿತ್ತು. ಸತ್ತ ಮೇಲೆ ಹೃದಯವನ್ನು ತಕ್ಕಡಿಯಲ್ಲಿ ತೂಗುತ್ತಾರೆ, ಅದು ಮಾಡಿದ್ದನ್ನೆಲ್ಲ ಬಾಯಿಬಿಟ್ಟರೆ ಗತಿ ಏನು? ಅದಕ್ಕೇ ಹಸಿರು ಕಲ್ಲಿನ ಹುಳದ ಮೇಲೆ ಒಂದು ಬೇಡಿಕೆ ಬರೆಯುತ್ತಿದ್ದರು. ನನ್ನ ತಾಯಿಯಿಂದ ಬಂದ ಹೃದಯವೇ, ನನ್ನ ವಿರುದ್ಧ ಸಾಕ್ಷಿ ಹೇಳಬೇಡ. ನ್ಯಾಯದ ಮುಂದೆ ನಿಲ್ಲುವ ಮೊದಲು ತನ್ನದೇ ಸಾಕ್ಷಿಯ ಬಾಯಿ ಮುಚ್ಚಿಸುವ ಉಪಾಯ. ನನಗೆ ಇಡೀ ಈಜಿಪ್ಟ್ ಧರ್ಮದಲ್ಲಿ ಇಷ್ಟು ಮನುಷ್ಯಸಹಜವಾದದ್ದು ಬೇರೆ ಕಂಡಿಲ್ಲ.

ಇಂಥ ಹುಳಗಳಲ್ಲಿ ತೀರಾ ಹಳೆಯದೊಂದು ಸೊಬೆಕೆಮ್ಸಾಫ್ ಎಂಬ ರಾಜನದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದೇ ಹೆಸರಿನ ರಾಜನೊಬ್ಬನ ಸಮಾಧಿ ದೋಚಿದವರ ಹೇಳಿಕೆಯೂ ಉಳಿದಿದೆ. ಒಂಬತ್ತನೆಯ ರಾಮ್ಸೆಸ್‌ನ ಆಳ್ವಿಕೆಯ 16ನೇ ವರ್ಷ ವಿಚಾರಣೆ ನಡೆಯಿತು. ಅಮೆನ್‌ಪನೆಫರ್ ಎಂಬ ಕಲ್ಲುಕುಟಿಗ ಎಲ್ಲ ಒಪ್ಪಿಕೊಂಡ. ರಾಜನ ಕೊರಳಲ್ಲಿ ಚಿನ್ನದ ತಾಯತಗಳ ರಾಶಿಯೇ ಇತ್ತು, ಎಲ್ಲ ಕಿತ್ತುಕೊಂಡೆವು, ಪೆಟ್ಟಿಗೆಗೆ ಬೆಂಕಿ ಇಟ್ಟೆವು. 160 ದೆಬೆನ್ ಚಿನ್ನ ಸಿಕ್ಕಿತು, ಎಂಟು ಜನ ತಲಾ 20ರಂತೆ ಹಂಚಿಕೊಂಡೆವು. ನಮ್ಮ ಲೆಕ್ಕದಲ್ಲಿ ಒಟ್ಟು ಹದಿನಾಲ್ಕು ಕಿಲೋಗೂ ಜಾಸ್ತಿ. ಸಿಕ್ಕಿಬಿದ್ದಾಗ ತನ್ನ ಪಾಲನ್ನು ಗುಮಾಸ್ತನಿಗೆ ಲಂಚ ಕೊಟ್ಟು ಹೊರಬಂದ ಎಂಬುದೂ ಅದರಲ್ಲಿದೆ. ರಾಜನನ್ನು ಕಾಯಬೇಕಿದ್ದ ತಾಯತಗಳು ತಮ್ಮನ್ನೇ ಕಾಯ್ದುಕೊಳ್ಳಲಿಲ್ಲ. ಹಾಗಂತ ಜನ ಕಟ್ಟುವುದನ್ನೇನೂ ಬಿಡಲಿಲ್ಲ.

ಅಷ್ಟರಲ್ಲಿ ಸತ್ತವರ ತಾಯತಕ್ಕೆ ಲಿಖಿತ ವಿಧಿಯೇ ಬಂದಿತ್ತು. ಸತ್ತವರ ಪುಸ್ತಕ ಎಂದು ನಾವು ಕರೆಯುವ ಮಂತ್ರಸಂಗ್ರಹ ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಒಸಿರಿಸ್‌ನ ಬೆನ್ನೆಲುಬಾದ ಜೆದ್ ಕಂಬ ಚಿನ್ನದ್ದಾಗಬೇಕು. ಅವನ ಹೆಂಡತಿ ಐಸಿಸ್‌ನ ಗಂಟು ಕೆಂಪು ಜ್ಯಾಸ್ಪರ್ ಕಲ್ಲಿನದು. ಒಂದು ಗಿಡದ ರಸದಲ್ಲಿ ನೆನೆಸಿ, ಅತ್ತಿ ಜಾತಿಯ ಮರದ ನಾರಿಗೆ ಪೋಣಿಸಿ, ಹೂಳುವ ದಿನ ಕೊರಳಿಗೆ ಕಟ್ಟಬೇಕು. ವಿಧಿ ಹಾಗಿತ್ತು. ಕೈಲಾಗದವರು ಕೆಂಪು ಗಾಜಿನಲ್ಲೋ ಫೈಯಾನ್ಸ್‌ನಲ್ಲೋ ಮುಗಿಸಿದರು. ಕೈಲಾದವರ ತುತ್ತತುದಿ ತುತಾಂಖಾಮುನ್ ರಾಜ. 1925ರ ನವೆಂಬರಿನಲ್ಲಿ ಅವನ ಸಮಾಧಿಯನ್ನು ಪತ್ತೆಹಚ್ಚಿದ ಹೊವರ್ಡ್ ಕಾರ್ಟರ್ ಮುಂದೆ ಆ ಮಮ್ಮಿಯ ಬಟ್ಟೆ ತೆಗೆದಾಗ 140ಕ್ಕೂ ಹೆಚ್ಚು ವಸ್ತುಗಳು ಸಿಕ್ಕವು. ಚಿನ್ನದ ರಾಶಿಯ ನಡುವೆ ಒಂದು ಪುಟ್ಟ ಕಬ್ಬಿಣದ ತಲೆದಿಂಬು. ತಲೆ ಮೈಯಿಂದ ಬೇರೆಯಾಗದಿರಲಿ ಅಂತ.

ಬದುಕಿದ್ದವರ ತಾಯತ ಆಗಲೂ ನಿಂತಿರಲಿಲ್ಲ. ಕ್ರಿ.ಪೂ. 1000ದ ಆಚೀಚೆ ಥೀಬ್ಸ್ ನಗರದಲ್ಲಿ ಹೊಸದೊಂದು ಬಗೆ ಬಂತು. ಮಗುವಿನ ಹೆಸರಿನಲ್ಲಿ ದೇವರೇ ಕೊಟ್ಟ ಮಾತನ್ನು ಪಪೈರಸ್‌ನ ಉದ್ದನೆಯ ಪಟ್ಟಿಯಲ್ಲಿ ಬರೆದು, ಸುರುಳಿ ಸುತ್ತಿ, ಕೊಳವೆಯಂಥ ಡಬ್ಬಿಯಲ್ಲಿಟ್ಟು ಕೊರಳಿಗೆ ಹಾಕುವುದು. ಹಾವು, ಚೇಳು, ಜ್ವರ, ಕುಸಿಯುವ ಗೋಡೆ, ಪ್ರಯಾಣ, ಎಲ್ಲದರಿಂದ ಕಾಯುತ್ತೇವೆ ಎಂದು ದೇವರುಗಳು ಒಂದೊಂದನ್ನೂ ಹೆಸರಿಸಿ ಒಪ್ಪಿಕೊಳ್ಳುತ್ತಾರೆ. ಬೇರೆ ದೇವರುಗಳ ಸಿಟ್ಟಿನಿಂದಲೂ ಕಾಯುತ್ತೇವೆ ಅನ್ನುತ್ತಾರೆ. ಯಾವ ಅಪಾಯವೂ ಬಿಟ್ಟುಹೋಗಬಾರದು ಎಂದು ವಕೀಲರು ಬರೆದ ಕರಾರಿನಂತಿದೆ.

ಆಮೇಲಿನ ಶತಮಾನಗಳಲ್ಲಿ ಸತ್ತವರ ತಾಯತಗಳ ಸಂಖ್ಯೆ ಏರಿತು. ಯಾವುದು ಎಲ್ಲಿ ಎಂಬ ಪಟ್ಟಿಗಳೂ ಬಂದವು. ದೆಂಡೆರಾ ದೇವಸ್ಥಾನದ ಗೋಡೆಯ ಮೇಲೆ 104 ತಾಯತಗಳ ಪಟ್ಟಿಯಿದೆ. ಶುರುವಿನಲ್ಲಿ ಹೇಳಿದ ನಾಗ್ ಎಲ್-ಹಸ್ಸಾಯದ ಹುಡುಗ ಈ ಕೊನೆಯ ಕಾಲದವನು.

ಕ್ರೈಸ್ತಧರ್ಮ ಬಂದ ಮೇಲೆ ದೇವಸ್ಥಾನಗಳು ಮುಚ್ಚಿದವು. ಜೀವದ ಗುರುತಾಗಿದ್ದ ಆಂಖ್ ಅಲ್ಲಿನ ಕ್ರೈಸ್ತರ ಕೈಯಲ್ಲಿ ಶಿಲುಬೆಯ ಒಂದು ರೂಪವಾಯಿತು. ಪಪೈರಸ್ ಚೂರಿನಲ್ಲಿ ಬೈಬಲ್ಲಿನ ಕೀರ್ತನೆ ಬರೆದು ಮಡಚಿ ಕಟ್ಟಿಕೊಂಡರು. 5ನೇ ಶತಮಾನದಲ್ಲಿ ಸೊಹಾಗ್ ಹತ್ತಿರದ ಬಿಳಿ ಮಠದ ಮುಖ್ಯಸ್ಥ ಶೆನೂತೆ ಇದನ್ನು ನೋಡಿ ಕಿಡಿಕಾರಿದ್ದಾನೆ. ಒಬ್ಬ ಕೈಗೆ ಹಾವಿನ ತಲೆ ಕಟ್ಟಿಕೊಂಡಿದ್ದಾನೆ, ಇನ್ನೊಬ್ಬ ತೋಳಿಗೆ ಮೊಸಳೆ ಹಲ್ಲು, ಮತ್ತೊಬ್ಬ ಕಾಲಿಗೆ ನರಿಯ ಉಗುರು. ನರಿಯ ಉಗುರಿನಿಂದ ನಿನ್ನ ಕಾಯಿಲೆ ವಾಸಿಯಾಗುತ್ತದಾ ಎಂದು ಶೆನೂತೆ ಕೇಳಿದ. ಇದನ್ನು ಕೊಟ್ಟು ಕಟ್ಟಿಕೋ ಅಂದವರು ಒಬ್ಬ ದೊಡ್ಡ ಸನ್ಯಾಸಿಗಳೇ ಎಂದು ಆ ಮನುಷ್ಯ ಉತ್ತರ ಕೊಟ್ಟ.